ಅಮ್ಮನ ದನಿಯಲ್ಲಿ ಹಾಡಿದ್ದು ಯಾರು?

ಬಾಗಿಲು ತೆರೆದವನ ಎರಡೂ ಕೈಗಳು ಮಣಿಕಟ್ಟಿನವರೆಗೆ ಕೆಂಪಾಗಿದ್ದವು.

ಅವಳು ಹಿಂದಕ್ಕೆ ಸರಿದಳು. ಅದು ಬಣ್ಣ ಎಂದು ಹೊಳೆಯುವ ಮೊದಲೇ ಅವನ ಹೆಗಲಿನಾಚೆ ಇನ್ನೊಂದು ಕಂಡಿತ್ತು. ಆಳೆತ್ತರದ ಮರದ ಹೆಣ್ಣು. ತುಟಿಗೆ ಬಣ್ಣ ಬಂದಿತ್ತು, ಕೆನ್ನೆಗೂ ಬಂದಿತ್ತು. ಕಣ್ಣುಗಳ ಜಾಗದಲ್ಲಿ ಮಾತ್ರ ನುಣುಪಾದ ಬಿಳಿ. ಕಣ್ಣಿಲ್ಲದಿದ್ದರೂ ಅದು ತನ್ನನ್ನೇ ನೋಡುತ್ತಿದೆ ಎಂದು ಅವಳಿಗೆ ಅನಿಸಿತು.

'ಯೇಸಪ್ಪಾ...' ಎಂದವು ಅವಳ ತುಟಿಗಳು, ಸದ್ದಿಲ್ಲದೆ.

"ಹೆದರಬೇಡಿ ಸಿಸ್ಟರ್, ಬಣ್ಣ ಅಷ್ಟೇ," ಎಂದ ಅವನು. ಕೈ ಒರೆಸಲು ಬಟ್ಟೆ ಹುಡುಕಿ, ಸಿಗದೆ, ತೊಟ್ಟ ಅಂಗಿಗೇ ಒರೆಸಿಕೊಂಡು ಪೆಚ್ಚಾಗಿ ನಕ್ಕ. ಆ ನಗು ಇಲ್ಲದಿದ್ದರೆ ಅವಳು ಹೊಸ್ತಿಲಿಂದಲೇ ತಿರುಗಿ ಹೋಗುತ್ತಿದ್ದಳೋ ಏನೋ.

ಅವಳು ಮನೆಗೇ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ದಾದಿ. ಅವನು ದೇವಿಯರ ವಿಗ್ರಹಗಳಿಗೆ ಬಣ್ಣ ಹಚ್ಚುವವನು; ಬೀದಿಯವರ ಬಾಯಲ್ಲಿ 'ಬಣ್ಣದವನು'. ಅವನ ತಾಯಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತಂತೂ ಪೂರ್ತಿ ನಿಂತಿತ್ತು. ಆ ತಾಯಿಯ ಮಂಚವಿದ್ದದ್ದು ಅವನು ಕೆಲಸ ಮಾಡುವ ಕೋಣೆಯ ಪಕ್ಕದಲ್ಲೇ. ನಡುವೆ ಬಾಗಿಲೂ ಇರಲಿಲ್ಲ, ಒಂದು ಪರದೆ ಅಷ್ಟೇ.

ಗಾಳಿ ಬಂದಾಗಲೆಲ್ಲ ಪರದೆ ಸರಿಯುತ್ತಿತ್ತು. ಆ ಮರದ ಮುಖ ಇಣುಕುತ್ತಿತ್ತು.

ಈ ದಾದಿಯನ್ನು ಸಾಕಿದ್ದು ಚಿಕ್ಕಮ್ಮ. ಅಮ್ಮ ತೀರಿಕೊಂಡಾಗ ಅವಳಿಗಿನ್ನೂ ಹಾಲು ಹಲ್ಲು. ಚಿಕ್ಕಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಹಗಲಿಡೀ ಬಟ್ಟೆ ಹೊಲಿಯುವವಳು, ಪ್ರಾರ್ಥನಾ ಮನೆಯ ಹೆಂಗಸರಿಗೆಲ್ಲ ಮುಂದಾಳು. ಅವಳ ಪಾಲಿಗೆ ಪ್ರಾರ್ಥನೆ ಎಂದರೆ ಬೇಡಿಕೆಯಲ್ಲ, ಯುದ್ಧ. ಕಣ್ಣಿಗೆ ಕಾಣದ ಶತ್ರು ಮನೆಯ ಸುತ್ತ ಸುಳಿಯುತ್ತಲೇ ಇರುತ್ತಾನೆ, ಬಿರುಕು ಕಂಡರೆ ಒಳನುಗ್ಗುತ್ತಾನೆ ಎಂದು ನಂಬಿದವಳು. ದೇವಿಯರ ಬಗ್ಗೆ ಅವಳು ಹೇಳುತ್ತಿದ್ದ ಮಾತನ್ನು ಕೇಳಿಯೇ ಈ ಹುಡುಗಿ ಬೆಳೆದಿದ್ದಳು. ಎಲ್ಲ ದೇವಿಯರ ಹಿಂದೆ ಇರುವುದು ಒಂದೇ ದುರಾತ್ಮ, ಊರಿಗೊಂದು ಮುಖ ಹಾಕಿಕೊಂಡು ಕೂರುತ್ತದೆ ಎಂದು.

'ಹಾಗಾದರೆ ಇವನು... ಅದಕ್ಕೆ ಮುಖ ಮಾಡಿಕೊಡುವವನಾ?'

ಆದರೆ ಮುಖ ಮಾಡಿಕೊಡುವವನು ತಾಯಿಯ ತಲೆ ಬಾಚುವಾಗ ಸಿಕ್ಕು ಬಿಡಿಸಲು ಉಸಿರು ಹಿಡಿಯುತ್ತಿದ್ದ. ಒಂದು ಕೂದಲು ಕಿತ್ತರೂ ತಾನೇ 'ಅಯ್ಯೋ' ಅನ್ನುತ್ತಿದ್ದ. ತನಗೆಂದು ಚಹಾ ಮಾಡಿಕೊಂಡರೆ ಅವಳಿಗೂ ಒಂದು ಲೋಟ ತಂದಿಡುತ್ತಿದ್ದ. ಅವಳು ಮಂಚದ ಬಳಿ ತಲೆತಗ್ಗಿಸಿ ಪ್ರಾರ್ಥಿಸುವುದು ಕಂಡರೆ ಮರ ಉಜ್ಜುವ ಸದ್ದು ನಿಲ್ಲಿಸುತ್ತಿದ್ದ. ಅವಳ ಕಿವಿ ಯಾವಾಗಿನಿಂದ ಅವನ ಹೆಜ್ಜೆಗೆ ಕಾಯತೊಡಗಿತೋ ಅವಳಿಗೇ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಒಳಗಿನಿಂದ ಹಾಡು ಕೇಳಿಸಿತು.

ಕೈಯಲ್ಲಿದ್ದ ಬಟ್ಟೆ ಜಾರಿತು. ಅದು ಅವಳ ಅಮ್ಮನ ಹಾಡು. ಮಲಗಿಸುವಾಗ ಅಮ್ಮನೇ ಕಟ್ಟಿ ಹಾಡುತ್ತಿದ್ದ ಪ್ರಾರ್ಥನೆ. ಜಗತ್ತಿನಲ್ಲಿ ಇನ್ನಾರಿಗೂ ಗೊತ್ತಿರದ ಹಾಡು.

ಓಡಿಬಂದು ನೋಡಿದಳು. ಮಂಚದ ಮೇಲೆ, ಮಾತು ನಿಂತುಹೋದ ಆ ಮುದುಕಿ, ಸೂರು ನೋಡುತ್ತಾ ಹಾಡುತ್ತಿದ್ದಳು. ಅಮ್ಮನದೇ ಎಳೆತ, ಅಮ್ಮನದೇ ಉಸಿರು. ಅವಳು ಎಂದೋ ಮರೆತಿದ್ದ ಎರಡನೆಯ ಸಾಲೂ ಬಂತು... ಪರದೆ ಸರಿದಿತ್ತು. ಕಣ್ಣಿಲ್ಲದ ಮುಖ ಇತ್ತಲೇ ತಿರುಗಿತ್ತು.

ಮನೆಗೆ ಬಂದು ಹೇಳಿದಾಗ ಚಿಕ್ಕಮ್ಮನ ಕಾಲು ಹೊಲಿಗೆ ಯಂತ್ರದ ಮೇಲೆ ನಿಂತಿತು. ಮೆಲ್ಲನೆ ಹೇಳಿದಳು: "ದುರಾತ್ಮ ಸತ್ತವರ ದನಿ ಕಲಿಯುತ್ತೆ ಮಗಳೇ. ನಿನ್ನನ್ನ ಕರೀತಾ ಇದೆ."

ಬಣ್ಣದವನು ಬೇರೊಂದು ವಿಗ್ರಹವನ್ನು ತಲುಪಿಸಲು ಹೋಗಿದ್ದ ದಿನ ಚಿಕ್ಕಮ್ಮ ಪ್ರಾರ್ಥನಾ ಮನೆಯ ಹೆಂಗಸರೊಂದಿಗೆ ಬಂದಳು. ಬಾಗಿಲು ತೆರೆದವಳು ದಾದಿಯೇ. ಬೇಡವೆನ್ನಲು ಹೆದರಿಕೆ ಬಿಡಲಿಲ್ಲ.

ಹೆಂಗಸರು ಮೊದಲು ಪಿಸುಗುಟ್ಟಿದರು, ಆಮೇಲೆ ಕೂಗಿದರು. ಯೇಸುವಿನ ನಾಮದಲ್ಲಿ ಹೊರಡು ಎಂದು ಕಾಣದ್ದಕ್ಕೆ ಆಜ್ಞೆ ಮಾಡಿದರು. ಚಿಕ್ಕಮ್ಮ ಅಭಿಷೇಕದ ಎಣ್ಣೆಯನ್ನು ವಿಗ್ರಹದ ತಲೆಗೆ ಸುರಿದಳು. ಹಣೆಯ ಹಸಿ ಬಣ್ಣ ಕರಗಿ ಕಣ್ಣಿನ ಆ ಬಿಳಿ ಜಾಗಗಳ ಮೇಲೆ ಕೆಂಪು ಗೆರೆಗಳಾಗಿ ಇಳಿಯಿತು. ಮಂಚದ ಮೇಲಿನ ಮುದುಕಿ ಗಡಗಡ ನಡುಗುತ್ತಾ ಎಡಗೈಯಿಂದ ಮುಖ ಮುಚ್ಚಿಕೊಂಡಳು.

ಅದನ್ನು ಕಂಡ ಕ್ಷಣ ದಾದಿಗೆ ಎಚ್ಚರವಾದಂತಾಯಿತು. "ಸಾಕು ಚಿಕ್ಕಮ್ಮ! ರೋಗಿ ಹೆದರ್ತಿದ್ದಾರೆ," ಎಂದು ಅಡ್ಡ ಬಂದಳು.

ಹೊಸ್ತಿಲಲ್ಲಿ ಅವನು ನಿಂತಿದ್ದ.

ಯಾರಿಗೂ ಬೈಯಲಿಲ್ಲ. ತಾಯಿಯ ಬಳಿ ಹೋಗಿ ಕೂತು, ಅವಳ ಕೈ ಹಿಡಿದುಕೊಂಡು, ತಿರುಗಿ ನೋಡದೆ ಕೇಳಿದ: "ಇಷ್ಟು ದಿನ ಬಂದಿದ್ದು ಅಮ್ಮನ್ನ ನೋಡಿಕೊಳ್ಳೋಕಾ ಸಿಸ್ಟರ್, ಯುದ್ಧ ಮಾಡೋಕಾ?"

ಅವಳು ಚೀಲ ತೆಗೆದುಕೊಂಡು ಹೊರಬಿದ್ದಳು.

ಆಮೇಲಿನ ದಿನಗಳು ಹೇಗೆ ಕಳೆದವೋ! ಊಟ ಸೇರದು, ಮಾತು ಸೇರದು. ದುರಾತ್ಮ ಬಿಟ್ಟಿತು ಎಂದು ಪ್ರಾರ್ಥನಾ ಮನೆಯವರು ಸ್ತೋತ್ರ ಮಾಡಿದರು. ಬಿಟ್ಟುಹೋದದ್ದು ಏನು ಎಂದು ಅವಳಿಗೆ ಮಾತ್ರ ಗೊತ್ತಿತ್ತು. ಅವನ ಕೋಣೆಯಲ್ಲಿ ಆ ಕಣ್ಣಿಲ್ಲದ ಮುಖಕ್ಕೆ ಹೆದರಿದಾಗಲೂ ಅವಳಿಗೆ ಇಷ್ಟು ಒಂಟಿತನ ಕಾಡಿರಲಿಲ್ಲ.

ಒಂದು ಬೆಳಿಗ್ಗೆ ಅವನು ಚಿಕ್ಕಮ್ಮನ ಬಾಗಿಲಿಗೇ ಬಂದ. ಕಣ್ಣು ಗುಳಿ ಬಿದ್ದಿದ್ದವು. ಕೂರಲಿಲ್ಲ. ಅಮ್ಮ ಊಟ ಬಿಟ್ಟಿದ್ದಾಳೆ, ಬಾಗಿಲು ನೋಡುತ್ತಾಳೆ, ಮತ್ತೆ ಮೂಕಿಯಾಗಿದ್ದಾಳೆ ಎಂದ. ಆಮೇಲೆ ನೆಲ ನೋಡುತ್ತಾ ಕೇಳಿದ: "ಆ ಹಾಡು ಒಂದು ಸಲ ಹಾಡಿ ಹೋಗ್ತೀರಾ?"

"ನಾನೆಲ್ಲಿ ಹಾಡಿದೆ? ಹಾಡಿದ್ದು ನಿಮ್ಮಮ್ಮ. ಅದು ಸತ್ತುಹೋದ ನನ್ನಮ್ಮನ ಹಾಡು. ಅವರಿಗೆ ಹೇಗೆ ಗೊತ್ತು?"

ಅವನು ತಲೆಯೆತ್ತಿ ಅವಳನ್ನೇ ನೋಡಿದ. "ನೀವೇ ಹಾಡ್ತೀರಲ್ಲ... ದಿನಾ, ಅಮ್ಮನ ಕೈ ಒತ್ತುವಾಗ. ಎರಡೂ ಸಾಲು. ನಿಮಗೆ ಗೊತ್ತಿಲ್ವಾ? ಅದು ಕೇಳ್ತಾ ಕೇಳ್ತಾ ನನಗೂ ಬಾಯಿಗೆ ಬಂದಿದೆ."



ಮಾತು ಹೋದವರಿಗೂ ಕೆಲವೊಮ್ಮೆ ಹಾಡು ಉಳಿದಿರುತ್ತದೆ ಎಂದು ಅವಳು ಓದಿದ್ದಳು, ಹತ್ತು ಜನಕ್ಕೆ ಹೇಳಿಯೂ ಇದ್ದಳು. ಹೆದರಿಕೆ ಬಂದಾಗ ಓದು ನೆನಪಾಗಲಿಲ್ಲ. ಅಮ್ಮ ಎಲ್ಲಿಂದಲೋ ಕರೆದಿರಲಿಲ್ಲ. ಅಮ್ಮ ಇದ್ದದ್ದು ಅವಳ ಗಂಟಲಲ್ಲೇ.

ಹೊಲಿಗೆ ಯಂತ್ರದ ಹಿಂದೆ ಚಿಕ್ಕಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಆ ಬೊಂಬೆ ವಿಷಯದಲ್ಲಿ ನಾನು ಬದಲಾಗೋಳಲ್ಲ," ಎಂದಳು ಬಣ್ಣದವನಿಗೆ. "ಆದ್ರೆ ಆ ಮುಖ ಮುಚ್ಚಿಕೊಂಡ ಕೈ ನನ್ನ ಕಣ್ಣಿಂದ ಹೋಗ್ತಿಲ್ಲ. ಅದು ತಪ್ಪಾಯ್ತಪ್ಪ." ಆಮೇಲೆ ಅವಳ ಕಡೆ ತಿರುಗಿ, "ಹೋಗು. ನಮ್ಮಕ್ಕನ ಹಾಡು ಯಾರ ಮನೇಲೂ ಅರ್ಧಕ್ಕೆ ನಿಲ್ಲಬಾರದು."

ಮಂಚದ ಬಳಿ ಕೂತು ಅವಳು ಮುದುಕಿಯ ಕೈ ಹಿಡಿದಳು. ಗೊತ್ತಿಲ್ಲದೆ ಹಾಡುವುದು ಸುಲಭ. ಗೊತ್ತಿದ್ದು ಹಾಡುವಾಗ ದನಿ ನಡುಗಿತು. ಮೊದಲ ಸಾಲು ಮುಗಿಯುವ ಹೊತ್ತಿಗೆ ಮುದುಕಿಯ ತುಟಿ ಅಲುಗಿತು. ಎರಡನೆಯದಕ್ಕೆ ದನಿ ಬಂತು. ಒಂದು ಕ್ಷಣ, ಆ ಎರಡು ದನಿಗಳ ನಡುವೆ ಮೂರನೆಯದೊಂದು ಸೇರಿಕೊಂಡಂತೆ ಕೇಳಿಸಿತು. ಅವನೂ ಬೆಚ್ಚಿ ಪರದೆಯತ್ತ ನೋಡಿದ. ಅವಳು ನೋಡಲಿಲ್ಲ. ಹಾಡು ನಿಲ್ಲಿಸಲೂ ಇಲ್ಲ.

ಮುದುಕಿ ಗಂಜಿ ಕುಡಿದು ಮಲಗಿದ ಮೇಲೆ ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತರು. ಬಾಗಿಲು ತೆರೆದದ್ದಕ್ಕೆ ಅವಳು ಕ್ಷಮೆ ಕೇಳಿದಳು. ಯುದ್ಧ ಎಂದದ್ದಕ್ಕೆ ಅವನೂ ಕೇಳಿದ.

"ನಾನು ದೇವಿಗೆ ಕೈ ಮುಗಿಯಲ್ಲ," ಎಂದಳು ಅವಳು. "ನನ್ನ ಪ್ರಾರ್ಥನೆ ಬಿಡಲ್ಲ."

"ಬಿಡಿ ಅಂದವರು ಯಾರು? ನಾನೂ ಬಣ್ಣ ಬಿಡಲ್ಲ." ಸ್ವಲ್ಪ ತಡೆದು, "ಆದ್ರೆ ಒಂದು ಬಿಡ್ತೀನಿ. ಇನ್ಮೇಲೆ ಸಿಸ್ಟರ್ ಅಂತ ಕರೆಯೋಕೆ ನನ್ನಿಂದ ಆಗಲ್ಲ."

ಅವಳ ಕಿವಿ ಬಿಸಿಯಾಯಿತು. ನಗು ತಡೆಯುತ್ತಾ ಹೇಳಿದಳು: "ಚಿಕ್ಕಮ್ಮ ನನಗೋಸ್ಕರ ಯುದ್ಧದ ಪ್ರಾರ್ಥನೆ ಮಾಡ್ತಾನೇ ಇರ್ತಾರೆ. ದಿನಾ."

"ಮಾಡಲಿ. ಅದರಲ್ಲಿ ನನ್ನನ್ನೂ ಸೇರಿಸಿಕೊಳ್ಳೋಕೆ ಹೇಳು. ಶತ್ರು ಅಂತ ಅಲ್ಲ... ನಿನ್ನ ಮನೆಯವನು ಅಂತ."

"ಮನೆಯವನು ಅಂದ್ರೆ ಏನರ್ಥ ಅಂತ ಗೊತ್ತಾ?"

"ಗೊತ್ತಿದ್ದೇ ಹೇಳಿದೆ."

ಅವಳು ಅವನ ಕೆಂಪು ಬೆರಳುಗಳನ್ನು ತನ್ನ ಕೈಗೆ ತೆಗೆದುಕೊಂಡಳು. "ಹಾಗಾದ್ರೆ ನೀನೇ ಬಂದು ಚಿಕ್ಕಮ್ಮನಿಗೆ ಹೇಳು," ಎಂದಳು. "ನಾನು ಪಕ್ಕದಲ್ಲಿ ನಿಂತಿರ್ತೀನಿ."