ಕಲ್ಲಿನಡಿಯ ಬದನೆಕಾಯಿ

ನಬೀಹ್ ಗೇಟಿನ ಮುಂದೆ ಪಿಕಪ್ ನಿಲ್ಲಿಸಿ ಬದನೆಕಾಯಿಯ ಮೂಟೆ ಇಳಿಸಿದಾಗ ವಿದಾದಳ ಕೈ ಮೊಣಕೈವರೆಗೂ ಟೊಮ್ಯಾಟೊ ರಸದಲ್ಲಿತ್ತು.

“ನಾನು ಈ ವಾರ ಬದನೆಕಾಯಿ ಬೇಕು ಅಂದಿರ್ಲಿಲ್ವಲ್ಲ,” ಎಂದಳು.

“ಗೊತ್ತು.”

ಅಷ್ಟು ಹೇಳಿ ಅವನು ಮತ್ತೆ ಪಿಕಪ್ಪಿಗೆ ಹೋದ. ಅಕ್ರೋಟಿನ ಚೀಲ ಬಂತು. ಕೆಂಪು ದಪ್ಪಮೆಣಸಿನಕಾಯಿಯ ಬುಟ್ಟಿ ಬಂತು. ಕೊನೆಗೆ ಅವನದೇ ಆಲಿವ್ ಮರಗಳ ಎಣ್ಣೆಯ ಡಬ್ಬವೂ ಬಂತು. ಎಲ್ಲವನ್ನೂ ದ್ರಾಕ್ಷಿ ಚಪ್ಪರದ ನೆರಳಲ್ಲಿ ಸಾಲಾಗಿ ಇಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಿಂತ. ಕಿವಿಯವರೆಗೂ ಕೆಂಪಗಾಗಿದ್ದ. ಬಿಸಿಲಿಗಿರಬೇಕು ಎಂದುಕೊಂಡಳು ವಿದಾದ್.

“ಅಮ್ಮ ಹೋದ್ಮೇಲೆ ಮನೇಲಿ ಮೂನೆ ಹಾಕೋರು ಯಾರೂ ಇಲ್ಲ,” ಎಂದ. “ಅದಕ್ಕೇ ತಗೊಂಡ್ಬಂದೆ.”

ಮೂನೆ ಎಂದರೆ ಚಳಿಗಾಲಕ್ಕೆಂದು ಮನೆಯ ಹೆಂಗಸು ತನ್ನ ಕೈಯಾರೆ ಮಾಡಿ ಉಗ್ರಾಣ ತುಂಬಿಸುವ ಸರಕು. ಟೊಮ್ಯಾಟೊ ಗೊಜ್ಜು, ಅಂಜೂರದ ಜಾಮ್, ಎಣ್ಣೆಯಲ್ಲಿ ಮುಳುಗಿಸಿದ ಮೊಸರಿನ ಉಂಡೆ, ಎಲ್ಲಕ್ಕಿಂತ ಮೇಲೆ ಮಕ್ದೂಸ್. ಎಳೆ ಬದನೆಕಾಯಿಯನ್ನು ಬೇಯಿಸಿ, ಸೀಳಿ, ಉಪ್ಪು ಹಾಕಿ, ಕಲ್ಲಿನಡಿ ಒತ್ತಿ, ಅಕ್ರೋಟು ಮೆಣಸು ತುಂಬಿ ಎಣ್ಣೆಯಲ್ಲಿಡುವುದೇ ಮಕ್ದೂಸ್. ಅದನ್ನು ಮಾಡುವುದರಲ್ಲಿ ಐನ್ ಸಫ್ಸಾಫ್ ಊರಿನಲ್ಲಿ ವಿದಾದಳನ್ನು ಮೀರಿಸುವವರಿಲ್ಲ. ಬೈರೂತಿನ ಫ್ಲ್ಯಾಟುಗಳಲ್ಲಿರುವವರು ಜೂನ್ ತಿಂಗಳಲ್ಲೇ ಫೋನು ಮಾಡಿ ಅವಳ ಜಾಡಿಗಳನ್ನು ಕಾದಿರಿಸುತ್ತಾರೆ.

ವಾರವಾರ ತನ್ನ ಹೊಲದ ಬದನೆ ತಂದುಕೊಡುವ ನಬೀಹ್ ಎಂದರೆ ವಿದಾದಳಿಗೆ ಇಷ್ಟ. ಸುತ್ತಿಬಳಸಿ ಹೇಳುವುದೇನು, ಬಹಳ ಇಷ್ಟ. ಅವಳು ಬೇರೆ ಕಡೆ ನೋಡುವಾಗ ಮಾತ್ರ ಅವನು ಅವಳನ್ನು ನೋಡುತ್ತಾನೆಂದು ಅವಳಿಗೆ ಗೊತ್ತು. ಅದಕ್ಕೆಂದೇ ಅವಳು ಆಗಾಗ ಬೇರೆ ಕಡೆ ನೋಡುತ್ತಿದ್ದಳು. ಇಷ್ಟು ಬೇಸಿಗೆಗಳಲ್ಲಿ ಬಾಯಿಬಿಡದವನು ಇವತ್ತು ಬಾಯಿಬಿಟ್ಟು ಕೇಳಿದ್ದು ಮಕ್ದೂಸ್! ಅವಳಿಗೆ ಪಿಚ್ಚೆನಿಸಿತು. ಪಿಚ್ಚೆನಿಸಿದಾಗಲೆಲ್ಲ ಅವಳು ವ್ಯಾಪಾರಕ್ಕಿಳಿಯುತ್ತಾಳೆ.

“ದೊಡ್ಡ ಜಾಡಿನಾ, ಚಿಕ್ಕದಾ?”

“ಆಂ?”

“ಖಾರ ಜಾಸ್ತಿ ಇರ್ಲೋ, ಸಾಧಾರಣವೋ?”

ಅವನು ಉತ್ತರಿಸುವ ಮೊದಲೇ ಚೀಟಿಯೊಂದರ ಮೇಲೆ ‘ನಬೀಹ್, ಆರ್ಡರ್’ ಎಂದು ಬರೆದು, ಬೈರೂತಿನವರ ಚೀಲಗಳಿಗೆ ಅಂಟಿಸುವ ಹಾಗೆಯೇ ಅವನ ಮೂಟೆಗೂ ಅಂಟಿಸಿಬಿಟ್ಟಳು. ನಬೀಹ್ ಆ ಚೀಟಿಯನ್ನೇ ನೋಡಿದ. ಕಿವಿಯ ಕೆಂಪು ಇಳಿಯಿತು.

“ಸಾಧಾರಣ,” ಎಂದು ಹೇಳಿ ಪಿಕಪ್ ಹತ್ತಿ ಹೋದ.

ಅಡುಗೆಮನೆಯ ಕಿಟಕಿಯಲ್ಲಿ ನಜೀಬಾ ಅತ್ತೆ ಇಷ್ಟನ್ನೂ ನೋಡುತ್ತಿದ್ದಳು. ವಿದಾದಳ ಅಪ್ಪನ ಅಕ್ಕ ಅವಳು. ಟ್ರಿಪೋಲಿ ಪಟ್ಟಣದ ಬೀದಿಗಳಲ್ಲಿ ಬೆಳೆದ ವಿದಾದಳನ್ನು, ತಾಯಿ ತೀರಿಕೊಂಡ ಮೇಲೆ ಬೆಟ್ಟದ ಈ ಊರಿಗೆ ಕರೆತಂದು, ಮೂನೆಯ ಕೆಲಸ ಕಲಿಸಿದವಳು. ಈಗ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದಳು.

“ಏ ದಡ್ಡಿ, ಆ ಹುಡುಗನಿಗೆ ಏನಂದೆ?”

“ಹುಡುಗನಾ ಅತ್ತೆ? ನಲವತ್ತಾಗ್ತಾ ಬಂತು ಅವನಿಗೆ.”

“ಅದಕ್ಕೇ ಅಷ್ಟು ಬೆವರ್ತಿದ್ದಿದ್ದು. ಇಪ್ಪತ್ತರಲ್ಲಿ ಎಲ್ಲರಿಗೂ ಧೈರ್ಯ ಇರತ್ತೆ. ಏನಂದೆ ಹೇಳು.”

“ಆರ್ಡರ್ ತಗೊಂಡೆ.”

ಅತ್ತೆ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಕರ್ಮವೇ! ಈ ಊರಲ್ಲಿ ಯಾವನಾದ್ರೂ ತನ್ನ ಮನೆ ಮೂನೆಯ ಬದನೆಕಾಯಿನ ಬೇರೆ ಮನೆ ಹೆಂಗಸಿನ ಕೈಗೆ ಕೊಡ್ತಾನೇನೇ? ಪ್ರಾಣ ಬೇಕಾದ್ರೂ ಕೊಟ್ಟಾನು. ಮದುವೆಯಾಗದ ಗಂಡು ತನ್ನ ಹೊಲದ ಬದನೆ, ತನ್ನ ಮರದ ಅಕ್ರೋಟು, ತನ್ನ ಎಣ್ಣೆ, ಎಲ್ಲಾ ಒಟ್ಟಿಗೆ ತಂದು ಒಬ್ಬಳ ಅಂಗಳದಲ್ಲಿಟ್ಟ ಅಂದ್ರೆ, ನನ್ನ ಮನೆಗೆ ಬರ್ತೀಯಾ ಅಂತ ಕೇಳಿದ ಹಾಗೆ. ಅವಳು ಬೇಯೋಕೆ ಇಟ್ರೆ ಒಪ್ಪಿಗೆ. ಮುಟ್ಟದೆ ವಾಪಸ್ ಕಳಿಸಿದ್ರೆ ಇಲ್ಲ ಅಂತ. ನಿಮ್ಮ ಮಾವ ನನ್ನ ಹಾಗೇ ಕೇಳಿದ್ದು. ನೀನೋ, ಅವನಿಗೆ ಚೀಟಿ ಅಂಟಿಸಿ ಕಳಿಸಿದೆ!”

ವಿದಾದ್ ಟೊಮ್ಯಾಟೊ ಪಾತ್ರೆಯ ಪಕ್ಕದಲ್ಲೇ ಕೂತುಬಿಟ್ಟಳು.

“ಬಾಯಿಬಿಟ್ಟು ಹೇಳೋಕೇನಾಗಿತ್ತು ಅವನಿಗೆ?”

“ಅಷ್ಟು ದೊಡ್ಡ ಮೂಟೆ ಹೊತ್ತು ತಂದಿದ್ದು ಸಾಲದೇನೇ?”

ಸಾಲುತ್ತಿತ್ತು. ಮೊದಲು ಅವಳಿಗೆ ಆದದ್ದು ಸಂತೋಷವೇ, ಸುಳ್ಳೇಕೆ ಹೇಳಬೇಕು. ಆದರೆ ಆ ಸಂತೋಷದ ಬೆನ್ನಿಗೇ ಒಂದು ಅನುಮಾನ ಬಂದು ಕೂತಿತು. ಅವಳನ್ನು ಮದುವೆಗೆ ಕೇಳಿದ್ದ ಝಹ್ಲೆ ಪಟ್ಟಣದ ಗಂಡಿನ ಕಡೆಯವರು ಭಾನುವಾರ ಉತ್ತರಕ್ಕೆ ಬರುವವರಿದ್ದರು. ಗಂಡಿಗೆ ಫಾರ್ಮಸಿ ಇತ್ತು, ಹೆಂಡತಿ ತೀರಿಕೊಂಡಿದ್ದಳು, ಒಳ್ಳೆಯವನೇ. ಅವನ ಅಕ್ಕ ಹಿಂದಿನ ಸಲ ಬಂದಾಗ ಹೇಳಿದ್ದಳು, “ಮನೆ ಉಗ್ರಾಣ ಬಣಗುಟ್ಟುತ್ತೆ ಕಣಮ್ಮ, ನಿನ್ನ ಕೈರುಚಿ ಬಗ್ಗೆ ತುಂಬಾ ಕೇಳಿದೀವಿ.” ಅದಕ್ಕೂ ಹಿಂದೆ ಬಂದಿದ್ದವರೂ ಅವಳ ಮುಖಕ್ಕಿಂತ ಮೊದಲು ಜಾಡಿಗಳನ್ನೇ ನೋಡಿದ್ದರು. ಈಗ ನಬೀಹ್. ಅಮ್ಮ ಹೋದ ಮೇಲೆ ಮೂನೆ ಹಾಕುವವರಿಲ್ಲ ಎಂದ. ಎಲ್ಲರಿಗೂ ಬೇಕಾಗಿರುವುದು ತನ್ನ ಕೈಯಷ್ಟೇ. ಆ ಕೈಯ ಹಿಂದೆ ತಾನೂ ಒಬ್ಬಳಿದ್ದೇನೆಂದು ಇವನಿಗಾದರೂ ಗೊತ್ತೋ ಇಲ್ಲವೋ?

ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ತಡೆದುಕೊಳ್ಳುತ್ತಿದ್ದಳು. ನಬೀಹ್‌ಗೆ ಗೊತ್ತಿಲ್ಲವೆಂದರೆ ತಡೆದುಕೊಳ್ಳುವುದು ಕಷ್ಟವಿತ್ತು.

ಮರುದಿನ ಬೆಳಿಗ್ಗೆ ಪಿಕಪ್ ಸದ್ದು ಕೇಳಿಸುವ ಹೊತ್ತಿಗೆ ಅವಳು ಒಲೆ ಹೊತ್ತಿಸಿ, ಅವನ ಬದನೆಕಾಯಿಯನ್ನೆಲ್ಲ ಹಂಡೆಗೆ ಸುರಿದು, ಮೇಲೇಳದ ಹಾಗೆ ತಟ್ಟೆ ಮುಚ್ಚಿಟ್ಟಾಗಿತ್ತು.

“ನನ್ನ ಮೂಟೆ ವಾಪಸ್ ಕೊಡು,” ಎಂದ ನಬೀಹ್ ಗೇಟಿನಲ್ಲೇ ನಿಂತು. “ಆರ್ಡರ್ ಕ್ಯಾನ್ಸಲ್.”

“ಬೇಯ್ತಾ ಇದೆ.”

ಅವನು ಹಂಡೆಯನ್ನು ನೋಡಿದ. ಅವಳನ್ನು ನೋಡಿದ. ಪಕ್ಕದಲ್ಲಿ ಬಿದ್ದಿದ್ದ ಖಾಲಿ ಚೀಲವನ್ನೂ, ಅದರ ಮೇಲೆ ಇನ್ನೂ ಅಂಟಿಕೊಂಡಿದ್ದ ಚೀಟಿಯನ್ನೂ ನೋಡಿದ. ಖುಷಿಪಡಬೇಕೋ ಬೇಡವೋ ಪಾಪ ಅವನಿಗೆ ತಿಳಿಯಲಿಲ್ಲ.

“ಯಾವ ಲೆಕ್ಕದಲ್ಲಿ ಬೇಯಿಸ್ತಿದ್ದೀಯ?”

“ಬದನೆಕಾಯಿ ಬೇಯಿಸೋ ಲೆಕ್ಕದಲ್ಲಿ. ಅರ್ಧ ಬೆಂದಿದ್ದು ತಗೊಂಡು ಏನ್ಮಾಡ್ತೀಯ? ನಾಳೆ ಬಾ.”

ಮಾರನೆಯ ದಿನ ಅವನು ಬಂದಾಗ ಬದನೆಕಾಯಿ ಉಪ್ಪು ಕುಡಿದು ಹಲಗೆಯ ಕೆಳಗಿತ್ತು. ಹಲಗೆಯ ಮೇಲೆ ಹೊಳೆಯಿಂದ ತಂದ ಕರಿಕಲ್ಲು ಕೂತಿತ್ತು. ನೀರು ತೊಟ್ಟಿಕ್ಕುತ್ತಿತ್ತು.

“ಕಲ್ಲು ತೆಗಿ, ತಗೊಂಡು ಹೋಗ್ತೀನಿ.”

“ತೆಗಿ ನೋಡೋಣ. ನೀರು ಬಸಿಯೋ ಮುಂಚೆ ಕಲ್ಲು ತೆಗೆದ್ರೆ ಎಲ್ಲಾ ಕೊಳೆತು ನಾರತ್ತೆ. ಹೇಗೂ ಬಂದಿದ್ದೀಯ, ಕೂತ್ಕೊಂಡು ಬೆಳ್ಳುಳ್ಳಿ ಸುಲಿ.”

ಕೂತ. ಸುಲಿದ. ಅವನ ಬೆಳ್ಳುಳ್ಳಿ ಸುಲಿತ ಹೇಗಿತ್ತೆಂದರೆ, ಸಿಪ್ಪೆಯ ಜೊತೆ ಅರ್ಧ ಬೆಳ್ಳುಳ್ಳಿಯೂ ಹೋಗುತ್ತಿತ್ತು. ವಿದಾದ್ ನೋಡಿಯೂ ನೋಡದ ಹಾಗಿದ್ದಳು. ಆದರೆ ಅವನು ತಲೆ ತಗ್ಗಿಸಿದಾಗಲೆಲ್ಲ ಅವಳ ಕಣ್ಣು ಅವನ ಕುತ್ತಿಗೆಯ ಮೇಲೆ ಬಿಸಿಲು ಬರೆದ ಗೆರೆಗೆ ಹೋಗಿ ನಿಲ್ಲುತ್ತಿತ್ತು. ಕಾಲರಿನ ಒಳಗಿನ ಚರ್ಮ ಇನ್ನೂ ಬೆಳ್ಳಗಿತ್ತು.

“ಏನು ನೋಡ್ತಿದ್ದೀಯ?” ಎಂದ ತಲೆ ಎತ್ತದೆ.

“ಬೆಳ್ಳುಳ್ಳಿ ಹಾಳಾಗೋದನ್ನ.”

ತುಂಬುವ ದಿನ ಅವನು ವಾಪಸ್ ಕೇಳಲೇ ಇಲ್ಲ. ಸುಮ್ಮನೆ ಬಂದು, ಕೈ ತೊಳೆದು ಎದುರಿಗೆ ಕೂತ. ನಜೀಬಾ ಅತ್ತೆಗೆ ಆ ದಿನ ಇದ್ದಕ್ಕಿದ್ದಂತೆ ಮಂಡಿನೋವು ಬಂದು ಒಳಗೆ ಮಲಗಿಬಿಟ್ಟಳು. ಕಿಟಕಿಯನ್ನು ಮಾತ್ರ ತೆರೆದೇ ಇಟ್ಟಿದ್ದಳು.

ಜಜ್ಜಿದ ಅಕ್ರೋಟು, ಹೆಂಚಿನ ಮೇಲೆ ಒಣಗಿದ ಕೆಂಪು ಮೆಣಸು, ಬೆಳ್ಳುಳ್ಳಿ, ಉಪ್ಪು. ಒಂದೊಂದೇ ಬದನೆಕಾಯಿಯ ಸೀಳಿನೊಳಗೆ ಹೆಬ್ಬೆರಳಿನಿಂದ ಒತ್ತಿ ತುಂಬಬೇಕು.

“ಅಷ್ಟು ತುರುಕಬೇಡ, ಅದೇನು ಸೂಟ್‌ಕೇಸಾ?”

“ನೀನು ತುರುಕಿದ್ದು ಕಮ್ಮಿನಾ?”

“ನಾನು ತುಂಬ್ತಿದ್ದೀನಿ. ನೀನು ತುರುಕ್ತಿದ್ದೀಯ. ವ್ಯತ್ಯಾಸ ಇದೆ.”

ನಕ್ಕು, ಮರೆತು, ಮೆಣಸಿನ ಕೈಯಲ್ಲೇ ಕಣ್ಣುಜ್ಜಿಕೊಂಡ. ಆಮೇಲೆ ಶುರುವಾಯಿತು ಕುಣಿತ. ವಿದಾದ್ ಎದ್ದು ಮೊಸರಿನ ಬಟ್ಟಲಲ್ಲಿ ಬಟ್ಟೆ ಅದ್ದಿ ತಂದು, ಅವನ ಗಲ್ಲ ಹಿಡಿದು ಮುಖ ಮೇಲೆತ್ತಿ ಕಣ್ಣಿಗೆ ಒತ್ತಿದಳು. ಕುಣಿತ ನಿಂತಿತು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು. ಉರಿ ಇಳಿದ ಮೇಲೂ ಇಬ್ಬರೂ ಹಾಗೇ ಇದ್ದರು. ಒಳಗಿನಿಂದ ಅತ್ತೆ ಸಣ್ಣಗೆ ಕೆಮ್ಮಿದಾಗ ವಿದಾದ್ ಬಟ್ಟೆ ತೆಗೆದಳು.

“ಇವನ್ನ ತಲೆಕೆಳಗಾಗಿ ಇಡಬೇಕು. ಉಳಿದ ನೀರು ಬಸಿಬೇಕು,” ಎಂದಳು.

ಶನಿವಾರ ಮಧ್ಯಾಹ್ನ ಜಾಡಿಗಳಿಗೆ ಎಣ್ಣೆ ಬಿತ್ತು. ಒಳಗಿನ ಗುಳ್ಳೆಗಳು ಒಂದೊಂದೇ ಮೇಲೆ ಬಂದು ಒಡೆದವು. ಅವಳು ಮುಚ್ಚಳ ಬಿಗಿದು, ಜಾಡಿಗಳನ್ನು ಕ್ರೇಟಿಗೆ ಜೋಡಿಸಿದಳು. ತಡ ಮಾಡಲು ಇನ್ನೇನೂ ಕೆಲಸ ಉಳಿದಿರಲಿಲ್ಲ. ನಬೀಹ್ ಕ್ರೇಟಿನ ಎರಡೂ ಕಡೆ ಕೈ ಹಾಕಿದ. ಎತ್ತಲಿಲ್ಲ.

“ನಾಳೆ ಝಹ್ಲೆಯೋರು ಬರ್ತಾರಂತೆ,” ಎಂದ ಕ್ರೇಟನ್ನೇ ನೋಡುತ್ತ.

“ಹೌದು.”

“ಏನು ಹೇಳ್ತೀಯ?”

ಇಷ್ಟು ದಿನ ಒಳಗೇ ಒತ್ತಿಟ್ಟುಕೊಂಡದ್ದು ಅವಳ ಬಾಯಿಗೆ ಬಂತು. “ಮೊದಲು ನೀನು ಹೇಳು. ನಿನಗೆ ಬೇಕಾಗಿರೋದು ಉಗ್ರಾಣ ತುಂಬೋ ಕೈಯೋ, ನಾನೋ? ಅವರಿಗೂ ಮೂನೆ ಹಾಕೋರು ಬೇಕು, ನಿನಗೂ ಮೂನೆ ಹಾಕೋರು ಬೇಕು. ಹಾಗಿದ್ಮೇಲೆ ಫಾರ್ಮಸಿಯೋನೇ ವಾಸಿ, ಕೈ ಸುಟ್ಟುಕೊಂಡ್ರೆ ಮುಲಾಮಾದ್ರೂ ಸಿಗತ್ತೆ. ನೀನು ಕೇಳಿದ್ದು ಏನು ಅಂತ ನನಗೆ ಮೊದಲು ಗೊತ್ತಾಗ್ಲಿಲ್ಲ, ಚೀಟಿ ಅಂಟಿಸಿದ್ದು ನನ್ನ ತಪ್ಪೇ. ಗೊತ್ತಾದ್ಮೇಲೆ ಬೇಯೋಕೆ ಇಟ್ಟೆ. ನನಗೆ ನೀನು ಬೇಕು ನಬೀಹ್. ಆದ್ರೆ ನಿನ್ನ ಅಮ್ಮನ ಖಾಲಿ ಜಾಡಿ ತುಂಬೋಕೆ ಅಂತ ನಾನು ಬರಲ್ಲ.”

ಹೇಳಿ ಮುಗಿಸುವ ಹೊತ್ತಿಗೆ ಅವಳ ಕಣ್ಣು ತುಂಬಿತ್ತು. ಅದನ್ನು ಮೆಣಸಿನ ಮೇಲೆ ಹಾಕೋಣವೆಂದರೆ ಮೆಣಸಿನ ಕೆಲಸ ನಿನ್ನೆಯೇ ಮುಗಿದಿತ್ತು.

ನಬೀಹ್ ಕ್ರೇಟು ಬಿಟ್ಟು ನೆಟ್ಟಗೆ ನಿಂತ.

“ನನಗೆ ಮಕ್ದೂಸ್ ಸೇರಲ್ಲ,” ಎಂದ.

“ಏನು?”

“ಸೇರಲ್ಲ. ಬಾಯಿಗಿಟ್ರೆ ವಾಕರಿಕೆ ಬರತ್ತೆ. ಚಿಕ್ಕಂದಿನಿಂದ ಹಾಗೇ. ಊರಲ್ಲಿ ಯಾರಿಗೂ ಹೇಳಬೇಡ, ಮಾನ ಹೋಗತ್ತೆ.”

“ಮತ್ತೆ ಹೊಲದ ತುಂಬಾ ಮಕ್ದೂಸಿನ ಬದನೆನೇ ಬೆಳೀತೀಯಲ್ಲ ಮಾರಾಯ!”

“ಮೊದಲು ಆಲೂಗಡ್ಡೆ ಹಾಕ್ತಿದ್ದೆ. ಲಾರಿಯೋನು ಹೊಲಕ್ಕೇ ಬಂದು ತುಂಬ್ಕೊಂಡು ಹೋಗ್ತಿದ್ದ, ಒಳ್ಳೆ ಲಾಭ ಇತ್ತು. ಆಮೇಲೆ ನೀನು ಈ ಊರಿಗೆ ಬಂದೆ. ಬದನೆ ಹಾಕಿದ್ರೆ ನಾನೇ ಗಾಡಿ ಹೊಡ್ಕೊಂಡು ನಿಮ್ಮ ಗೇಟಿಗೆ ಬರಬಹುದು ಅನ್ನಿಸ್ತು. ವಾರಕ್ಕೊಂದು ಸಲನಾದ್ರೂ.” ಅವನು ಕುತ್ತಿಗೆ ಕೆರೆದುಕೊಂಡ. “ಮೂನೆ ಹಾಕೋರಿಲ್ಲ ಅಂದಿದ್ದು, ಏನಾದ್ರೂ ಹೇಳಬೇಕಿತ್ತಲ್ಲ ಅಂತ. ಬೇರೆ ಏನೇನೋ ಯೋಚಿಸಿಕೊಂಡು ಬಂದಿದ್ದೆ. ನೀನು ತಲೆ ಎತ್ತಿದ ತಕ್ಷಣ ಎಲ್ಲಾ ಮರೆತುಹೋಯ್ತು.”

ಕಿಟಕಿಯೊಳಗೆ ಸೌಟು ಬಿದ್ದ ಸದ್ದಾಯಿತು. ಯಾರೂ ಆ ಕಡೆ ತಿರುಗಲಿಲ್ಲ.

ವಿದಾದ್ ಅಳುತ್ತಿದ್ದವಳು ನಗಲು ಶುರುಮಾಡಿದಳು. ನಗು ತಡೆಯಲಾಗದೆ ಚಪ್ಪರದ ಕಂಬ ಹಿಡಿದುಕೊಂಡಳು. “ಇಷ್ಟು ಜಾಡಿ ತಿನ್ನೋರು ಯಾರು ಹಾಗಾದ್ರೆ?”

“ನಾಳೆ ಬರ್ತಾರಲ್ಲ, ಅವರಿಗೇ ಕೊಟ್ಟು ಕಳಿಸು. ಉಗ್ರಾಣ ಖಾಲಿ ಇದೆಯಂತಲ್ಲ ಪಾಪ.”

“ಮತ್ತೆ ನಿನಗೆ?” ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ನಿನಿಂದ ಕಣ್ಣೊರೆಸಿಕೊಂಡು ಕೇಳಿದಳು. “ನಿನಗೇನು ಮಾಡಿಕೊಡ್ಲಿ? ಅಂಜೂರದ ಜಾಮ್? ಕ್ವಿನ್ಸ್ ಹಣ್ಣು ಇನ್ನೇನು ಬರತ್ತೆ, ಅದನ್ನ...”

“ಏನೂ ಬೇಡ,” ಎಂದ ನಬೀಹ್. ಬೆಂಚಿನ ಮೇಲಿದ್ದ ಬುಟ್ಟಿ ಕೆಳಗಿಟ್ಟು ಜಾಗ ಮಾಡಿದ. “ಸ್ವಲ್ಪ ಹೊತ್ತು ಸುಮ್ಮನೆ ಕೂತ್ಕೋ.”

ಇಷ್ಟು ವರ್ಷಗಳಲ್ಲಿ ಅವಳಿಗೆ ಯಾರೂ ಹೀಗೆ ಹೇಳಿರಲಿಲ್ಲ. ಒಲೆ ಇನ್ನೂ ಉರಿಯುತ್ತಿತ್ತು, ಒಣಗಲು ಇಟ್ಟ ಟೊಮ್ಯಾಟೊ ತಟ್ಟೆಗಳನ್ನು ಮಾಳಿಗೆಯಿಂದ ಇಳಿಸುವುದಿತ್ತು. ವಿದಾದ್ ಅವನ ಪಕ್ಕದಲ್ಲಿ ಕೂತಳು. ತನ್ನ ಕೈಗಳನ್ನು ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವುಗಳಲ್ಲಿ ಒಂದನ್ನು ನಬೀಹ್ ಹಿಡಿದುಕೊಂಡ.