ತೀರಿಹೋದ ಡಾಕ್ಟರರ ತಿದ್ದುಪಡಿ

"ಅಪ್ಪ ಹೋಗಿ ಆರು ತಿಂಗಳಾಯ್ತು ಮಾಮ. ಆದ್ರೂ ಬರೀತಿದ್ದಾರೆ," ಎಂದಳು ಮೂಳೆ ಡಾಕ್ಟರರ ಮಗಳು.

ಆಸ್ಪತ್ರೆಯಲ್ಲಿ ಏನು ಕಳೆದರೂ ಎಲ್ಲರೂ ಹುಡುಕಿಕೊಂಡು ಬರುತ್ತಿದ್ದುದು ಎಕ್ಸ್‌ರೇ ತೆಗೆಯುವ ಕೆಲಸದಿಂದ ನಿವೃತ್ತನಾದ ಮಾಮನನ್ನೇ. ಅವನ ಬೆನ್ನಿಗಂಟಿಕೊಂಡೇ ತಿರುಗುವ ಅಕ್ಕನ ಮಗಳು ಅಲ್ಲಿಯ ನರ್ಸು. ದೆವ್ವವೆಂದರೆ ಮೂಗು ಮುರಿಯುವವಳಾದರೂ ಅಂದು ಅವಳ ಮೈ ಜುಮ್ಮೆಂದಿತು.

ಮಗಳು ಲ್ಯಾಪ್‌ಟಾಪ್ ತೆರೆದಳು. ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶದಲ್ಲಿ ಮಣಿಕಟ್ಟಿನ ಮೂಳೆಮುರಿತದ ಲೇಖನವನ್ನು ಬರೆದವರು ಡಾಕ್ಟರರೇ. ಈಗ ಒಂದು ತಿಂಗಳಿಂದ ಭಾನುವಾರ ಬಿಟ್ಟು ದಿನಾ ಬೆಳಗ್ಗೆ ಹನ್ನೊಂದಕ್ಕೆ ಅವರ ಖಾತೆಯಿಂದ ಒಂದೇ ಸಾಲು ಬಂದು ಸೇರುತ್ತಿತ್ತು: "ಪ್ಲಾಸ್ಟರ್ ಹಾಕಿದ ಮೇಲೆ ಬೆರಳು ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯಬೇಡಿ." ಆಧಾರವಿಲ್ಲವೆಂದು ಉಳಿದ ಸಂಪಾದಕರು ಅಳಿಸುತ್ತಿದ್ದರು. ಮರುದಿನ ಅದು ಮತ್ತೆ ಹಾಜರು. ನಿನ್ನೆ ಜೊತೆಗೊಂದು ಚಿತ್ರವೂ ಬಂದಿತ್ತು, ಕಿಟಕಿಯ ಗಾಜಿಗೆ ಹಿಡಿದ ಹಳೆಯ ಎಕ್ಸ್‌ರೇ ಫಿಲ್ಮು.

"ನನ್ನ ಕೈಯದ್ದೇ," ಎನ್ನುತ್ತ ಅವಳು ಬಲಗೈಯನ್ನು ಶಾಲಿನೊಳಗೆ ಎಳೆದುಕೊಂಡಳು. ಎಂಟನೇ ವಯಸ್ಸಿನಲ್ಲಿ ಮೆಟ್ಟಿಲಿನಿಂದ ಬಿದ್ದಾಗ ಅಪ್ಪನೇ ಪ್ಲಾಸ್ಟರ್ ಹಾಕಿದ ಕೈ ಅದು. ಅಂದಿನಿಂದ ಬೆರಳುಗಳು ಮುದುಡಿಯೇ ಇದ್ದವು. "ಸೋಮವಾರ ವಿಶ್ವಕೋಶದವರು ಈ ಖಾತೆ ಮುಚ್ಚಿಬಿಡ್ತಾರಂತೆ. ಬೇರೆ ಯಾರೋ ಆದ್ರೆ ಮುಚ್ಚಲಿ. ಅಪ್ಪನೇ ಆಗಿದ್ರೆ?"

"ಹನ್ನೊಂದಕ್ಕೆ ನೀನೆಲ್ಲಿರ್ತೀಯ?"

"ಶಾಲೇಲಿ, ಪಾಠ ಮಾಡ್ತಿರ್ತೀನಿ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಕಣ್ಣು ಮಂಜಾದ ಮೇಲೆ ಅಪ್ಪ ಬಾಯಲ್ಲಿ ಹೇಳೋರು. ಅಮ್ಮನೋ, ಆಸ್ಪತ್ರೇಲಿ ಪ್ಲಾಸ್ಟರ್ ಹಾಕೋ ಪ್ಲಾಸ್ಟರಣ್ಣನೋ ಟೈಪ್ ಮಾಡೋರು. ನನಗೂ ಗೊತ್ತು."

ಭಾನುವಾರ ಸಂಜೆ ಡಾಕ್ಟರರ ಓದುವ ಕೋಣೆಯಲ್ಲಿ ಎಲ್ಲರೂ ಸೇರಿದರು: ಡಾಕ್ಟರರ ಹೆಂಡತಿ, ಮಗಳು, ಇಪ್ಪತ್ತು ವರ್ಷ ಅವರ ಕೈಕೆಳಗೆ ದುಡಿದ ಪ್ಲಾಸ್ಟರಣ್ಣ. ಡಾಕ್ಟರರ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅದರ ಕಡೆ ನೋಡದಿರಲು ನರ್ಸು ಹೆಣಗಾಡುತ್ತಿದ್ದಳು.

"ಪುಸ್ತಕ ಓದಿ ಬರೆದೋರು 'ತಕ್ಷಣ ಆಸ್ಪತ್ರೆಗೆ ಹೋಗಿ' ಅಂತಾರೆ," ಎಂದು ಮಾಮ ಶುರುಮಾಡಿದ. "ಬೆಳಗಿನ ಮಾತು ಎತ್ತೋದು ಬೆಳಗಾಗಲಿ ಅಂತ ಕಾದು ಕೆಟ್ಟೋರು. ಅಲ್ಲಿಗೆ ಈ ಮನೆ ವಿಷಯ ಬಲ್ಲವರು ಅಂತಾಯ್ತು. ಇನ್ನು ಚಿತ್ರ. ಬಲಗೈ ಅನ್ನೋ ಗುರುತಿಗೆ ಫಿಲ್ಮಿನ ಮೇಲೆ ನಾವೊಂದು ಅಕ್ಷರ ಮೂಡಿಸ್ತೀವಿ. ಇಲ್ಲಿ ಅದು ಕನ್ನಡೀಲಿ ಕಂಡ ಹಾಗಿದೆ. ಫಿಲ್ಮನ್ನ ಹಿಂದುಮುಂದು ಹಿಡಿದಿದ್ದಾರೆ. ಪ್ಲಾಸ್ಟರಣ್ಣ ನಿದ್ದೆಗಣ್ಣಲ್ಲೂ ಈ ತಪ್ಪು ಮಾಡಲ್ಲ. ಡಾಕ್ಟರು ದೆವ್ವವಾಗಿ ಬಂದ್ರೂ ಮಾಡಲ್ಲ. ಹನ್ನೊಂದಕ್ಕೆ ಮಗಳು ಶಾಲೇಲಿರ್ತಾಳೆ."

ಉಳಿದ ಹೆಸರನ್ನು ಅವನು ಹೇಳಲಿಲ್ಲ.

"ನಾನೇ," ಎಂದರು ಅಮ್ಮ. "ಅವತ್ತು ರಾತ್ರಿ ಬೆರಳು ಜೋಮು ಅಂತ ಮಗು ಅತ್ತಾಗ, ಅವರು 'ಹಟ ಮಾಡ್ತಾಳೆ, ಬೆಳಗ್ಗೆ ನೋಡೋಣ' ಅಂದ್ರು. ನಾನೂ ಬಾಯಿ ಮುಚ್ಕೊಂಡೆ. ಲೇಖನದಲ್ಲಿ ಆ ಸಾಲು ಸೇರಿಸಿ ಅಂತ ಎಷ್ಟು ಸಲ ಕೇಳಿದೆ, ಮಾತು ತೇಲಿಸಿಬಿಡೋರು. ತಪ್ಪು ಅವರದು, ಅವರ ಹೆಸರಲ್ಲೇ ಬರಲಿ ಅನ್ನಿಸ್ತು."

"ಅಪ್ಪ ಕೊನೆಗೂ ಒಪ್ಕೊಂಡ್ರು ಅಂದ್ಕೊಂಡಿದ್ದೆ ಅಮ್ಮ," ಎಂದಳು ಮಗಳು.

ದೆವ್ವವೇ ಆಗಿದ್ದರೆ ಚೆನ್ನಾಗಿತ್ತು ಎಂದು ನರ್ಸಿಗೆ ನಿಜವಾಗಿ ಅನ್ನಿಸಿತು.

ಪ್ಲಾಸ್ಟರಣ್ಣ ಎದ್ದು ಕಪಾಟಿನಿಂದ ದಪ್ಪನೆಯ ಪಠ್ಯಪುಸ್ತಕ ತೆಗೆದು, ಪುಟ ಹುಡುಕಿ ಮೇಜಿನ ಮೇಲಿಟ್ಟ. "ಆಧಾರ ಇಲ್ಲಿದೆ. ಇದನ್ನ ಕೊಟ್ರೆ ಯಾರೂ ಅಳಿಸಲ್ಲ."

ಮಗಳು ಅಪ್ಪನ ಖಾತೆಯಿಂದ ಹೊರಬಂದು ಹೊಸದೊಂದನ್ನು ತೆರೆದಳು.

"ನಿನ್ನ ಹೆಸರಲ್ಲೇ ಬರಿ. ನೀನೂ ಬಾಯಿ ಮುಚ್ಕೊಂಡಿದ್ದೆ ಅಲ್ವಾ?" ಎಂದಳು ಅಮ್ಮನಿಗೆ.

ಅಮ್ಮ ಡಾಕ್ಟರರ ಕುರ್ಚಿಯಲ್ಲಿ ಕೂತು ಒಂದೊಂದೇ ಅಕ್ಷರ ಒತ್ತತೊಡಗಿದರು. ಸಾಲು ಮುಗಿಯುವ ಹೊತ್ತಿಗೆ ಮಗಳ ಬಲಗೈ ಶಾಲಿನಿಂದ ಹೊರಬಂದು ಅವರ ಹೆಗಲ ಮೇಲೆ ಕೂತಿತ್ತು.