ನಾಲ್ಕು ನಿಮಿಷ ಯಾರಿಗೂ ಜ್ವರ ಬರಲಿಲ್ಲ

೨೦೨೫ರ ಫೆಬ್ರುವರಿ ೧೩, ಗುರುವಾರ, ಬೆಳಿಗ್ಗೆ ೧೦.೧೫ಕ್ಕೆ ಇಳಕಲ್ಲಿನ ಸುಮಾ ನವನಗರ ಠಾಣೆಗೆ ಬಂದಳು. ಬೆನ್ನಿಗೆ ಓಣಿಯ ಹದಿನೈದು ಮಂದಿ ನೇಕಾರರು. ಆಕೆ ಅಳಲಿಲ್ಲ. ಕುರ್ಚಿ ಕೊಟ್ಟರೆ ಕೂರಲೂ ಇಲ್ಲ.

"ನಮ್ಮವ್ವ ಬಾಳವ್ವ, ಕಾಲಿನ ಹುಣ್ಣಿಗೆ ಆಸ್ಪತ್ರಿಗೆ ಸೇರಸಿದ್ವಿ. ಪೆನಿಸಿಲಿನ್ ಸೂಜಿ ಆಕಿಗೆ ಆಗಂಗಿಲ್ಲಂತ ನಿನ್ನೆ ನಾನ ಹೇಳೇನಿ. ಆಫ್ರೀನ ಅಂತ ನರ್ಸು, ಹೂಂ ಅಂದು ಕಂಪ್ಯೂಟರಿನ್ಯಾಗ ಹಾಕಿದ್ಲು. ನಾ ಊಟಕ್ಕ ಹೋದಾಗ ಬ್ಯಾರೆ ನರ್ಸು ಬಂದು ಅದನ್ನ ಚುಚ್ಚ್ಯಾಳ."

"ನೀ ಹೇಳಿದ್ದು ಎಷ್ಟಕ್ಕ?" ಇನ್‌ಸ್ಪೆಕ್ಟರ್ ಶ್ರೀಶೈಲ ಕೇಳಿದ.

"ಹನ್ನೊಂದು ಹತ್ತಕ್ಕ. ಗೋಡಿ ಮ್ಯಾಲ ಗಡಿಯಾರಿತ್ತು."

"ಚುಚ್ಚಿದ್ದು?"

"ಪೌಣೆ ಎರಡಕ್ಕ. ಜೀವ ಹೋಗಿದ್ದು ಎರಡೂ ಐದಕ್ಕ. ಇನ್ನ ಆಕಿ ಉಟ್ಟ ಸೀರಿ ಬಣ್ಣಾ ಕೇಳ್ತೀರೇನು?"

ಶ್ರೀಶೈಲ ತಲೆ ತಗ್ಗಿಸಿ ಪಕ್ಕಕ್ಕೆ ತಿರುಗಿದ. "ಬರಕೊಂಡ್ಯಾ ಮಲೀಕಸಾಬ?"

"ಬರಕೊಂಡೇನ್ರಿ ಸರ," ಎಂದ ಹೆಡ್ ಕಾನ್‌ಸ್ಟೆಬಲ್ ಮಲೀಕಸಾಬ. ಪೆನ್ನಿನ ಟೊಪ್ಪಿಗೆ ಇನ್ನೂ ಪೆನ್ನಿನ ಮೇಲೇ ಇತ್ತು.

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಆ ಖಾಸಗಿ ಆಸ್ಪತ್ರೆಯ ಆಡಳಿತಾಧಿಕಾರಿ ಧರ್ಮರಾಜ ತಾನಾಗಿಯೇ ಬಂದ. ಕೈಯಲ್ಲಿ ಹಿಂದಿನ ದಿನದ ಎಲ್ಲ ಕಂಪ್ಯೂಟರ್ ದಾಖಲೆಗಳ ಮುದ್ರಿತ ಪ್ರತಿ, ಅಚ್ಚುಕಟ್ಟಾದ ಫೈಲಿನಲ್ಲಿ. ಕರೆಯದೆ ದಾಖಲೆ ತರುವವರನ್ನು ಶ್ರೀಶೈಲ ಇಪ್ಪತ್ತು ವರ್ಷದಲ್ಲಿ ಇಬ್ಬರನ್ನಷ್ಟೇ ಕಂಡಿದ್ದ. ಇಬ್ಬರೂ ಈಗ ಹಿಂಡಲಗಾ ಜೈಲಿನಲ್ಲಿದ್ದರು.

"ನಮ್ಮದು ಕಾಗದರಹಿತ ಆಸ್ಪತ್ರೆ ಸರ. ಬಾಳವ್ವನ ಹೆಸರಿನಲ್ಲಿ ಅಲರ್ಜಿಯ ಎಂಟ್ರಿ ಇಲ್ಲ. ಇಲ್ಲ ಅಂದರೆ ಆಫ್ರೀನ ಮಾಡಿಲ್ಲ. ಆಕೆಯನ್ನು ಸಸ್ಪೆಂಡ್ ಮಾಡಿದ್ದೇವೆ."

"ಭಾಳ ಲಗೂ ಮಾಡೀರಿ."

"ಶಿಸ್ತು ಸರ."

ಮೂರು ಗಂಟೆಗೆ ಆಫ್ರೀನಳ ವಿಚಾರಣೆ. ಹೊರಗಿನ ಗುಂಪು ಅವಳನ್ನು ಒಳಗೆ ಹಾಕಿ ಎಂದು ಕೂಗುತ್ತಿತ್ತು.

"ಎಂಟ್ರಿ ಮಾಡಿದ್ಯಾ?"

"ಮಾಡೇನ್ರಿ. ಸೇವ್ ಆತು ಅಂತ ಹಸಿರು ಪಟ್ಟಿನೂ ಬಂತು."

"ಕಾಗದದ ಮ್ಯಾಲ?"

"ಕಾಗದಾ ಹಿಡಿದ್ರ ನೋಟಿಸ್ ಕೊಡ್ತಾರ್ರಿ. ಇಂಥಾ ಪೇಶಂಟ್ ಇದ್ರ ಮಂಚಕ್ಕ ಕೆಂಪಕ್ಷರದ ರಟ್ಟು ಕಟ್ಟತಿದ್ವಿ. ಮಾನ್ಯತೆ ಕೊಡೂ ತಪಾಸಣಿ ತಂಡ ಬರ್ತೈತಂತ ಹ್ವಾದ ವಾರ ಎಲ್ಲಾ ಬಿಚ್ಚಿಸಿದ್ರು."

"ಖರೆ ಹೇಳು."

"ನಾ ಸುಳ್ಳು ಹೇಳಿದ್ರ ನಿಮಗೆಲ್ಲಾ ಎಷ್ಟು ಆರಾಮ ಆಗ್ತಿತ್ತಲ್ರಿ," ಎಂದಳು ಆಫ್ರೀನ.

ಶ್ರೀಶೈಲ ಅವಳನ್ನು ಮನೆಗೆ ಕಳಿಸಿದ. ಗುಂಪು ಅವನಿಗೂ ಎರಡು ಮಾತು ಬೈದಿತು. ಅವನು ಧರ್ಮರಾಜನ ಫೈಲು ಬಿಚ್ಚಿ, ಬಾಳವ್ವನ ಹೆಸರು ಬಿಟ್ಟು ಬರೀ ಸಮಯದ ಕಾಲಮ್ಮಿನ ಮೇಲೆ ಸ್ಕೇಲು ಜಾರಿಸುತ್ತ ಹೋದ. ೧೧.೦೮ರ ಸಾಲಿನ ಕೆಳಗೆ ಸ್ಕೇಲು ನಿಂತಿತು. ಅದರ ಮುಂದಿನ ಸಾಲು ೧೧.೧೩.

"ಇನ್ನೂರು ಮಂಚದ ದವಾಖಾನಿ ಮಲೀಕಸಾಬ. ನಾಕ ನಿಮಿಷ ಯಾರಿಗೂ ಜ್ವರಾ ಬರಲಿಲ್ಲ, ಯಾರೂ ಗುಳಿಗಿ ನುಂಗಲಿಲ್ಲ. ಏನ ಪವಾಡ ಲೇ ಇದು?"

"ಶುಕ್ರವಾರ ಆಗಿದ್ರ ನಮಾಜಿಗೆ ಹೋಗಿದ್ರು ಅನಬಹುದಿತ್ರಿ. ನಿನ್ನೆ ಬುಧವಾರ."

೧೪ರಂದು ಬೆಳಿಗ್ಗೆ ೧೧ಕ್ಕೆ ಸರ್ವರ್ ಕೋಣೆಯಲ್ಲಿ ಪಂಚನಾಮೆ. ಸೈಬರ್ ಠಾಣೆಯಿಂದ ಕಾನ್‌ಸ್ಟೆಬಲ್ ಶೀಲಾ ಬಂದಿದ್ದಳು. ಆಸ್ಪತ್ರೆಯ ಕಂಪ್ಯೂಟರ್ ಎಂಜಿನಿಯರ್ ಸಚಿನ ಬಾಗಿಲಲ್ಲಿ ಬೆವರುತ್ತ ನಿಂತಿದ್ದ, ಎಸಿ ಕೋಣೆಯಲ್ಲಿ. ಯಂತ್ರದ ಪಕ್ಕದ ನೆಲದ ಮೇಲೆ ಧೂಳಿಲ್ಲದ ಒಂದು ಚೌಕ ಕಾಣುತ್ತಿತ್ತು.

"ಇಲ್ಲೇನಿತ್ತು?"

"ಯುಪಿಎಸ್ ರಿ. ತಪಾಸಣಿಯವರ ಮುಂದ ಪ್ರೊಜೆಕ್ಟರ್ ಆರಬಾರದಂತ ಸಭಾಂಗಣಕ್ಕ ಒಯ್ದಾರ."

ಶೀಲಾ ಒಂದೂವರೆ ತಾಸು ಪರದೆಯ ಮುಂದೆ ಕೂತಳು. ಆಮೇಲೆ ಹೇಳಿದಳು: "ಸರ, ನರ್ಸು ಹಾಕಿದ್ದು ಸೀದಾ ಡಿಸ್ಕಿಗೆ ಹೋಗಂಗಿಲ್ಲ. ಮೊದಲ ಮೆಮರಿಯೊಳಗ ಲಾಗ್ ಬಫರ್ ಅಂತ ಒಂದು ಜಾಗಾ, ಅಲ್ಲಿ ಕೂಡತೈತಿ. ಇಲ್ಲಿ ಡಿಸ್ಕು ಹಳೇದು, ಬರಿಯೂದು ಭಾಳ ನಿಧಾನ. ಬಫರ್ ತುಂಬಿ ತುಂಬಿ ಅಲರ್ಟ್ ಹೊಡಿತಿತ್ತು, ಅಳಸಿದ್ದನ್ನ ತಿರಗಿ ತಗದೇನಿ. ಹೊಸಾ ಡಿಸ್ಕ್ ಹಾಕಬೇಕಿತ್ತು. ಹಾಕಲಿಲ್ಲ. ಹತ್ತನೇ ತಾರೀಖು ಸೆಟ್ಟಿಂಗ್ ಬದಲಿ ಮಾಡ್ಯಾರ. ಬಫರ್ ದೊಡ್ಡದು ಮಾಡಿ, ಡಿಸ್ಕಿಗೆ ಐದು ನಿಮಿಷಕ್ಕೊಮ್ಮೆ ಬರಿ ಅಂದಾರ. 'ಸೇವ್ ಆತು' ಅನ್ನೂದು ಮಾತ್ರ ಕೂಡ್ಲೇ. ಅಲರ್ಟ್ ನಿಂತಾವ."

"ತಿಳಿಯೂಹಂಗ ಹೇಳವಾ."

"ನಮ್ಮ ಮಲೀಕಸಾಬರಂಗ್ರಿ. ಪೆನ್ನಿನ ಟೊಪಗಿ ತಗಿಯೂಕಿಂತ ಮೊದಲ 'ಬರಕೊಂಡೇನಿ' ಅಂತಾರಲ್ಲ, ಹಂಗ. ಮಾತು ಕಿವ್ಯಾಗ ಇರತೈತಿ, ಡೈರಿಯೊಳಗ ಇರಂಗಿಲ್ಲ. ಅಷ್ಟರಾಗ ಅವರಿಗೆ ಚಕ್ಕರ್ ಬಂದ್ರ ಮುಗೀತು."

"ನನಗ್ಯಾಕ ಚಕ್ಕರ್ ಬರ್ತೈತಿ," ಎಂದು ಗೊಣಗಿದ ಮಲೀಕಸಾಬ. ಆದರೆ ಈ ಸಲ ಪೆನ್ನಿನ ಟೊಪ್ಪಿಗೆ ತೆಗೆದ.

"ಬುಧವಾರ ಹನ್ನೊಂದು ಹನ್ನೆರಡಕ್ಕ ಕರೆಂಟ್ ಹೋಗೈತಿ," ಶೀಲಾ ಮುಂದುವರಿಸಿದಳು. "ಯುಪಿಎಸ್ ಇಲ್ಲ. ಜನರೇಟರ್ ಹತ್ತೂದರಾಗ ಬಫರಿನ್ಯಾಗ ಇದ್ದದ್ದೆಲ್ಲಾ ಹೋತು. ಆಫ್ರೀನ ಹಾಕಿದ್ದೂ ಹೋತು."

ಶ್ರೀಶೈಲ ಸಚಿನನತ್ತ ತಿರುಗಿದ. "ನಿನಗ ಯಾವಾಗ ಗೊತ್ತಾತು?"

"...ಹನ್ನೊಂದು ಇಪ್ಪತ್ತಕ್ರಿ."

"ಗೊತ್ತಾಗಿ ಬಾಯಾಗ ಏನ ಇಟಗೊಂಡಿದ್ದಿ?"

"ಧರ್ಮರಾಜ ಸರ್‌ಗೆ ಹೇಳೇನ್ರಿ. ಒಂಬತ್ತು ವಾರ್ಡಿಗೆ ಫೋನ್ ಮಾಡೂಣು, ಆ ನಾಕ ನಿಮಿಷದ್ದು ತಿರಗಿ ಹಾಕ್ರಿ ಅನ್ನೂಣು ಅಂದೆ. ಹತ್ತು ನಿಮಿಷದ ಕೆಲಸ. ಅವರು ಬ್ಯಾಡಂದ್ರು. ಸಂಜಿಕ ಹಳೇ ಅಲರ್ಟೆಲ್ಲಾ ಅಳಸು ಅಂದ್ರು. ಅಳಸಿದೆ." ಅವನು ಫೋನು ಮುಂದೆ ಚಾಚಿದ. ಧರ್ಮರಾಜನ ಸಂದೇಶ, ಸಮಯ ೧೧.೨೩: 'ಈಗ ಬೇಡ. ತಂಡ ವಾರ್ಡಿನಲ್ಲಿದೆ.'

ಶ್ರೀಶೈಲನ ಕೈ ಸಚಿನನ ಕೆನ್ನೆಯ ಅಳತೆ ನೋಡುತ್ತಿತ್ತು. ಅದನ್ನು ಬೆಲ್ಟಿಗೆ ಸಿಕ್ಕಿಸಿಕೊಂಡ. ೧೧.೨೩ರಿಂದ ಸೂಜಿ ಚುಚ್ಚಿದ ೧.೪೫. ಎರಡು ತಾಸು ಇಪ್ಪತ್ತೆರಡು ನಿಮಿಷ. ಅದನ್ನು ಪಂಚನಾಮೆಯಲ್ಲಿ ಅಂಕಿಯಲ್ಲಿ ಬರೆಸಿ, ಅಕ್ಷರದಲ್ಲೂ ಬರೆಸಿದ. ಯಾವ ನಿಯಮವೂ ಹಾಗೆ ಹೇಳುವುದಿಲ್ಲ. ಸಿಟ್ಟಿಗೆ ಎಲ್ಲಾದರೂ ಒಂದು ಜಾಗ ಬೇಕಿತ್ತು.

ಫೆಬ್ರುವರಿ ೧೭, ಸೋಮವಾರ, ಸಂಜೆ ೪.೩೦ಕ್ಕೆ ಧರ್ಮರಾಜನನ್ನು ಅವನ ಕಚೇರಿಯಲ್ಲೇ ಬಂಧಿಸಲಾಯಿತು. ಸಾಕ್ಷ್ಯನಾಶದ ಕಲಂ ಸೇರಿತು. ಅಳಿಸಿದ್ದಕ್ಕೆ ಸಚಿನ ಎರಡನೇ ಆರೋಪಿಯಾದ. ಆಫ್ರೀನಳ ತಪ್ಪಿಲ್ಲವೆಂದು ನ್ಯಾಯಾಲಯಕ್ಕೆ ವರದಿ ಹೋಯಿತು.

ಮರುದಿನ ಸುಮಾ ಒಬ್ಬಳೇ ಬಂದಳು. ಈ ಸಲ ಕುರ್ಚಿಯ ಮೇಲೆ ಕೂತಳು.

"ಯಾಕ ಹಂಗ ಮಾಡಿದ? ರೊಕ್ಕದ ಸಲುವಾಗೇನು?"

"ರೊಕ್ಕಕ್ಕಲ್ಲ." ಶ್ರೀಶೈಲ ಧರ್ಮರಾಜನ ಹೇಳಿಕೆಯ ಹಾಳೆ ತೆಗೆದು ಓದಿದ. ಫೋನು ಮಾಡಿದ್ದರೆ ಒಂಬತ್ತು ವಾರ್ಡಿನ ನರ್ಸುಗಳು ಒಮ್ಮೆಲೇ ಕಂಪ್ಯೂಟರಿಗೆ ಕೂರುತ್ತಿದ್ದರು. ತಂಡದವರು ಏನಾಯಿತು ಎಂದು ಕೇಳುತ್ತಿದ್ದರು. ಕೇಳಿದರೆ ತಾನು ಏನು ಹೇಳಬೇಕಿತ್ತು ಎಂದು ಧರ್ಮರಾಜ ಮೂರು ಸಲ ಕೇಳಿದ್ದ. ಮೂರೂ ಸಲ ಮಲೀಕಸಾಬ ಬರೆದುಕೊಂಡಿದ್ದ.

"ಒಂದು ಪ್ರಶ್ನೆ ತಪ್ಪಿಸ್ಕೊಳ್ಳಾಕ," ಎಂದಳು ಸುಮಾ.

"ಹೂಂ."

ಆಕೆ ಮೇಜಿನ ಅಂಚು ಉಜ್ಜಿದಳು.

"ಬಾಜೂ ಮಂಚದಾಕಿ ಹೇಳಿದ್ಲು. ಸೂಜಿ ಹಿಡಕೊಂಡು ಬಂದಾಗ ನಮ್ಮವ್ವ ಕೇಳಿದ್ಲಂತ, 'ಇದು ನನಗ ಆಗದ ಸೂಜಿ ಅಲ್ಲ, ಹೌದಿಲ್ಲೋ ಯವ್ವಾ' ಅಂತ. ನರ್ಸು ಹೊಳ್ಳಿ ಹೋಗಿ ಕಂಪ್ಯೂಟರ್ ನೋಡಿ ಬಂದು, ಅಲ್ಲ ಅಂದ್ಲಂತ. ಆಗ ನಮ್ಮವ್ವ ತೋಳು ಮುಂದ ಮಾಡಿದ್ಲಂತ."